ಇಪ್ಪತ್ನಾಲ್ಕು ಇಂಚಿನ ಗೌನು

ನಮ್ಮ ಮನೆಯಲ್ಲಿ ಹುಡುಗಿಗೆ ಮದುವೆ ಗೊತ್ತಾದರೆ ಎಲ್ಲರಿಗಿಂತ ಮೊದಲು ಬರುವುದು ಟೇಪು. ಹುಡುಗ ಯಾರು, ಏನು ಕೆಲಸ, ಮನೆಯಲ್ಲಿ ಎಷ್ಟು ಜನ ಎಂಬುದೆಲ್ಲ ಆಮೇಲೆ. ಮೊದಲು ಸೊಂಟದ ಅಳತೆ. ಏಕೆಂದರೆ ಮುತ್ತಜ್ಜಿಯ ಮದುವೆ ಗೌನಿನ ಸೊಂಟ ಇಪ್ಪತ್ನಾಲ್ಕು ಇಂಚು, ಮತ್ತು ಆ ಗೌನಿಗೆ ಕತ್ತರಿಯಾಗಲಿ ಸೂಜಿಯಾಗಲಿ ತಾಗಕೂಡದು ಎಂಬುದು ಮನೆಯ ಕಟ್ಟಳೆ. ಗೌನು ಹುಡುಗಿಗೆ ಹೊಂದಿಕೊಳ್ಳುವುದಿಲ್ಲ, ಹುಡುಗಿಯೇ ಗೌನಿಗೆ ಹೊಂದಿಕೊಳ್ಳಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇದೆಯಲ್ಲ, ಅದನ್ನು ಕಟ್ಟಿದವನು ನಮ್ಮ ಮನೆಗೆ ಬಂದುಹೋಗಿದ್ದನೆಂದು ನನ್ನ ಅನುಮಾನ.

ಆ ಟೇಪು ಹಿಡಿಯುವವಳು ನಾನು. ಪೇಟೆಯ ಹಿಂದಿನ ರಸ್ತೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಹೊಸ ಬಟ್ಟೆ ಹೊಲಿಯುವುದಿಲ್ಲ. ಬಿಗಿಯಾದದ್ದನ್ನು ಬಿಡುತ್ತೇನೆ, ಸಡಿಲವಾದದ್ದನ್ನು ಹಿಡಿಯುತ್ತೇನೆ, ಹರಿದದ್ದಕ್ಕೆ ರಫೂ ಹಾಕುತ್ತೇನೆ. ಎರಡು ಮಿಷಿನ್ನು, ಒಂದು ಕತ್ತರಿಸುವ ಮೇಜು, ಬಟ್ಟೆ ತೊಟ್ಟು ನೋಡಲು ಮೂಲೆಯಲ್ಲೊಂದು ಪರದೆ. ಪಕ್ಕದ ಅಂಗಡಿಯಲ್ಲಿ ನನ್ನ ಗಂಡ ಬೀಗದ ಕೈ ಮಾಡುತ್ತಾನೆ. ಇಡೀ ಬೀದಿಯವರ ಮೈ ನನಗೆ ಗೊತ್ತು, ಇಡೀ ಬೀದಿಯವರ ಬಾಗಿಲು ಅವನಿಗೆ ಗೊತ್ತು.

ಗೌನು ಚೆಂದವಿಲ್ಲ ಎಂದು ಹೇಳಲಾರೆ. ಹೇಳಿದರೆ ನನ್ನ ಕಸುಬಿಗೇ ದ್ರೋಹ. ನೂರು ವರ್ಷಕ್ಕೂ ಹಳೆಯ ಮಸ್ಲಿನ್ ಬಟ್ಟೆ, ಕೆಳಗೆ ಬೆರಳಿಟ್ಟರೆ ಉಗುರು ಕಾಣುವಷ್ಟು ತೆಳು. ಬಿಳಿಯ ಮೇಲೆ ಬಿಳಿ ದಾರದ ಕಸೂತಿ. ಅಂಚಿನಿಂದ ಹೊರಟ ಬಳ್ಳಿ ಸೊಂಟದವರೆಗೆ ಹತ್ತುತ್ತದೆ, ಒಂದೊಂದು ಎಲೆಯ ಒಳಗೂ ಸಾಸಿವೆಗಿಂತ ಸಣ್ಣ ಗಂಟುಗಳು. ಬೆನ್ನಿಗೆ ಬಟ್ಟೆ ಸುತ್ತಿದ ಇಪ್ಪತ್ತೆರಡು ಗುಂಡಿ. ಮುತ್ತಜ್ಜಿ ಎರಡು ವರ್ಷ ಕೂತು ತನ್ನ ಮದುವೆಗೆ ತಾನೇ ಹೊಲಿದುಕೊಂಡಳಂತೆ. "ಇದಕ್ಕೆ ಮಿಷಿನ್ನಿನ ಗಾಳಿ ಕೂಡ ಸೋಕಿಲ್ಲ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಮುತ್ತಜ್ಜಿಯ ನಂತರ ಅಜ್ಜಿ ತೊಟ್ಟಳು, ಅಮ್ಮ ತೊಟ್ಟಳು, ಅಕ್ಕ ತೊಟ್ಟಳು. ಅಮ್ಮನ ಮನೆಯ ಹಜಾರದ ಗೋಡೆಯಲ್ಲಿ ನಾಲ್ವರ ಮದುವೆ ಫೋಟೋಗಳೂ ಸಾಲಾಗಿ ಇವೆ. ನನ್ನದಿಲ್ಲ.

ಈ ಸಲ ಸರದಿ ಅಕ್ಕನ ಮಗಳದು. ಹುಟ್ಟಿದಾಗ ಅವಳ ಕೆನ್ನೆ ನೋಡಿ ನಾವು ಇಟ್ಟ ಅಡ್ಡಹೆಸರು ಬನ್ನು. ದೊಡ್ಡವಳಾಗಿ ಬೇಕರಿಯಲ್ಲೇ ಕೆಲಸಕ್ಕೆ ಸೇರಿ ಹೆಸರು ಉಳಿಸಿಕೊಂಡಳು. ಈ ಊರಿನ ಅರ್ಧ ಜನ ಬೆಳಿಗ್ಗೆ ತಿನ್ನುವ ಬ್ರೆಡ್ಡು ಅವಳ ಕೈಯದು. ಮದುವೆ ಗೊತ್ತಾದ ದಿನದಿಂದ ಅಕ್ಕ ಅವಳನ್ನು ಬನ್ನು ಎಂದು ಕರೆಯುವುದನ್ನು ನಿಲ್ಲಿಸಿದ್ದಾಳೆ.

ಪ್ರತಿ ಗುರುವಾರ ಅಳತೆ. ಮೊದಲ ವಾರ ಇಪ್ಪತ್ತೆಂಟು ಬಂದಿತ್ತು. ಒಂಬತ್ತನೆಯ ಗುರುವಾರ ಹುಡುಗಿ ಬಂದಾಗ ಬಲಗೈಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಬ್ಯಾಂಡೇಜು ಸುತ್ತಿತ್ತು.

"ಏನೇ ಇದು?"

"ಟ್ರೇ ತಾಗ್ತು ಚಿಕ್ಕಮ್ಮ. ಅಂಥದ್ದೇನಿಲ್ಲ."

"ಟ್ರೇ ತಾನಾಗೇ ಎದ್ದು ಬಂದು ತಾಗ್ತಾ?"

"ಸ್ವಲ್ಪ ತಲೆ ಸುತ್ತಿದ ಹಾಗಾಯ್ತು. ಬೀಳಬಾರದು ಅಂತ ಯಾವುದಕ್ಕೋ ತೋಳು ಒರಗಿಸಿದೆ. ಒರಗಿಸಿದ್ದು ಒಲೆ ಬಾಗಿಲಿಗೆ."

"ಏನು ತಿಂದಿದ್ದೆ?"

"ಇವತ್ತಾ, ನಿನ್ನೇನಾ?" ಎಂದಳು. ತಮಾಷೆಗಲ್ಲ, ನಿಜವಾಗಿಯೇ ಕೇಳಿದಳು.

ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವಳು ಎರಡೂ ಕೈ ಎತ್ತಿ ನಿಂತಿದ್ದಳು, ಬ್ಯಾಂಡೇಜಿನ ಕೈಯನ್ನೂ ಸೇರಿಸಿ. ಟೇಪು ಸುತ್ತಿದೆ. ಇಪ್ಪತ್ತೈದೂವರೆ. "ಇನ್ನು ಒಂದೂವರೆ ಇಂಚು ಅಷ್ಟೇ" ಎಂದು ನಕ್ಕಳು. ಆ ನಗು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಕೆನ್ನೆಯಲ್ಲಿ ಬನ್ನೂ ಇಲ್ಲ, ಏನೂ ಇಲ್ಲ, ಹಲ್ಲು ಮಾತ್ರ ಉಳಿದಿದ್ದವು.

ಅವಳು ಹೊರಟು ಐದು ನಿಮಿಷವಾಗಿರಲಿಲ್ಲ, ಅಕ್ಕನ ಫೋನು ಬಂತು.

"ಎಷ್ಟು?"

"ಕೈ ಸುಟ್ಕೊಂಡಿದಾಳೆ ಕಣೇ."

"ಗೊತ್ತು. ಗೌನಿಗೆ ಉದ್ದ ತೋಳಿದೆ, ಕಾಣಲ್ಲ. ಎಷ್ಟು ಬಂತು ಹೇಳು."

ಹೇಳಿದೆ. ನನ್ನ ಬಾಯಿಗೆ ಮಣ್ಣು ಹಾಕ. ಒಂಬತ್ತು ವಾರವೂ ಇದೇ ಟೇಪಿನಿಂದ ಅಳೆದು ಇದೇ ಬಾಯಿಂದ ಹೇಳಿದವಳು ನಾನೇ.

ನನ್ನ ಕಥೆಯೂ ಇದೇ, ಕೊನೆ ಮಾತ್ರ ಬೇರೆ. ಮದುವೆ ಗೊತ್ತಾದಾಗ ನನ್ನ ಸೊಂಟವೂ ಇಪ್ಪತ್ತೆಂಟು ಇಂಚು. ಮೂರು ತಿಂಗಳು ಬಿಸಿನೀರು ಕುಡಿದು, ಸೌತೆಕಾಯಿ ಕಡಿದು, ಅಡುಗೆಮನೆಯ ವಾಸನೆ ಬಂದರೆ ಕಿಟಕಿ ಹಾಕಿಕೊಂಡು ಕೂತೆ. ಇಪ್ಪತ್ತೈದೂವರೆಗೆ ಬಂದು ಮೈ ಹಟ ಹಿಡಿಯಿತು. ಮದುವೆಯ ಹಿಂದಿನ ದಿನ ಅಮ್ಮ ಮಂಡಿಯಿಂದ ನನ್ನ ಬೆನ್ನು ಒತ್ತಿ ಗುಂಡಿ ಎಳೆದಳು. ಇಪ್ಪತ್ತೆರಡರಲ್ಲಿ ಆರು ಹಾಕಲು ಬರಲಿಲ್ಲ. "ಈ ಮನೆ ಹೆಣ್ಣು ಅಂತ ಹೇಳ್ಕೊಳೋ ಹಾಗಿಲ್ಲ ನೀನು" ಎಂದು ಗೌನು ಕಳಚಿಕೊಂಡು ಹೋದಳು. ನಾನು ಬಾಡಿಗೆಯ ಬಟ್ಟೆಯಲ್ಲಿ ಮದುವೆಯಾದೆ. ಫೋಟೋ ತೆಗೆಸಿದೆವು, ಅದು ಅಮ್ಮನ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಗಂಡ ಮಾತ್ರ ಇವತ್ತಿಗೂ ಹೇಳುತ್ತಾನೆ, "ನೀನು ಅದರೊಳಗೆ ಹೋಗದೇ ಇದ್ದಿದ್ದೇ ಒಳ್ಳೇದಾಯ್ತು, ಆಚೆ ತೆಗೆಯೋಕೆ ನಾನೇ ಬೀಗ ಒಡೀಬೇಕಿತ್ತು." ಅವನು ನಗಿಸುತ್ತಾನೆ, ನಾನು ನಗುತ್ತೇನೆ, ಇಪ್ಪತ್ತೇಳು ವರ್ಷದಿಂದ ಹೀಗೇ ನಡೆದಿದೆ.

ಗಾಳಿಗೆ ಹಾಕಲೆಂದು ಗೌನು ಆ ವಾರ ನನ್ನ ಅಂಗಡಿಯಲ್ಲೇ ಇತ್ತು. ಅಕ್ಕನ ಫೋನು ಇಟ್ಟವಳೇ ಅದನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಹಾಕಿದೆ. ಸಿಟ್ಟಿನಲ್ಲಿ ಅದನ್ನು ಒಳಮಗ್ಗುಲಾಗಿ ತಿರುಗಿಸಿದೆ. ಏನು ಮಾಡಲು ಹೊರಟಿದ್ದೆನೋ ನನಗೇ ಗೊತ್ತಿರಲಿಲ್ಲ. ಕಂಕುಳಿನಿಂದ ಸೊಂಟದವರೆಗೆ ಎರಡೂ ಪಕ್ಕದ ಹೊಲಿಗೆಯ ಮೇಲೆ ಸ್ಯಾಟಿನ್ ಪಟ್ಟಿ ಹಚ್ಚಿದೆ. ಹಳೆಯ ಬಟ್ಟೆ, ಗಟ್ಟಿಯಿರಲಿ ಎಂದು ಹಚ್ಚಿದ್ದಾರೆ ಅಂದುಕೊಂಡು ನಾನು ಇಷ್ಟು ವರ್ಷ ಅದನ್ನು ಒಗೆದು ಒಣಗಿಸಿದ್ದೆ. ಆವತ್ತು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಾಗ ಪಟ್ಟಿಯ ಕೆಳಗೆ ದಪ್ಪ ತಾಗಿತು. ಎರಡು ಪದರ ಇರಬೇಕಾದ ಕಡೆ ನಾಲ್ಕು ಪದರವಿತ್ತು.

ನಮ್ಮ ಕಸುಬಿನಲ್ಲಿ ಬೆರಳು ಸುಳ್ಳು ಹೇಳುವುದಿಲ್ಲ. ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡೆ. ಕಟ್ಟಳೆ ನೆನಪಾಯಿತು. ಸುಟ್ಟ ಕೈಯೂ ನೆನಪಾಯಿತು. ಪಟ್ಟಿಯನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡಿಸಿದೆ.

ಕೆಳಗೆ ಮಿಷಿನ್ ಹೊಲಿಗೆ ಇತ್ತು.

ಗೌನಿನ ಎರಡೂ ಪಕ್ಕವನ್ನು ಒಳಗೆ ಎರಡೆರಡು ಇಂಚು ಹಿಡಿದು, ಉದ್ದಕ್ಕೆ ಮಿಷಿನ್ ಹೊಡೆದು, ಮಡಿಕೆಯನ್ನು ಇಸ್ತ್ರಿ ಮಾಡಿ ಪಟ್ಟಿಯ ಕೆಳಗೆ ಮುಚ್ಚಿದ್ದರು. ಮಡಿಕೆಯ ಒಳಗೆ ಮುತ್ತಜ್ಜಿಯ ಕೈಹೊಲಿಗೆ ಹಾಗೇ ಇತ್ತು, ಇರುವೆ ಸಾಲಿನಷ್ಟು ಸಣ್ಣದು. ಮುತ್ತಜ್ಜಿ ಹೊಲಿದದ್ದು ಇಪ್ಪತ್ತೆಂಟು ಇಂಚಿನ ಗೌನು. ಗೋಡೆಯ ಮೇಲೆ ಅವಳದೂ ಅಜ್ಜಿಯದೂ ಕತ್ತಿನವರೆಗಿನ ಫೋಟೋ ಮಾತ್ರ ಇರುವುದರಿಂದ ನಾವು ಯಾರೂ ಆ ಕಡೆ ಯೋಚಿಸಿಯೇ ಇರಲಿಲ್ಲ.

ಯಾರು ಹಿಡಿದದ್ದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಒಂಬತ್ತು ಹೊಲಿಗೆಗೊಂದು ಹಾರಿತ್ತು. ಹಾಗೆ ಹಾರುವ ಮಿಷಿನ್ನು ಈ ಲೋಕದಲ್ಲಿ ನನಗೆ ಗೊತ್ತಿರುವುದು ಒಂದೇ, ಕೈಯಲ್ಲಿ ತಿರುಗಿಸುವ ಅಮ್ಮನ ಮಿಷಿನ್ನು. ನಾನು ಹೊಲಿಗೆ ಕಲಿತದ್ದು ಅದರಲ್ಲೇ. ಹಾರಿದ ಹೊಲಿಗೆಗೆಲ್ಲ ನನ್ನ ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ಏಟು ಬೀಳುತ್ತಿತ್ತು.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಊರಿನವರ ಪ್ಯಾಂಟು, ಕೋಟು ಎಲ್ಲ ಬಿಚ್ಚಿ ಬಿಟ್ಟುಕೊಟ್ಟ ನಾನು ನಮ್ಮ ಮನೆಯ ಒಂದು ಬಟ್ಟೆಯನ್ನು ಒಳಗಿನಿಂದ ಮುಟ್ಟಿ ನೋಡಿರಲಿಲ್ಲ. ಅಮ್ಮನ ಮೇಲೆ ಬಂದ ಕೋಪದಲ್ಲಿ ಅರ್ಧ ನನ್ನ ಮೇಲೂ ಬಂತು. ಶುಕ್ರವಾರ ಅಂಗಡಿ ತೆರೆಯಲಿಲ್ಲ. ಎರಡೂ ಪಕ್ಕದ ಮಿಷಿನ್ ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದೆ. ಬಟ್ಟೆ ಎಲ್ಲೂ ಹರಿಯಲಿಲ್ಲ.

ಭಾನುವಾರ ಮಧ್ಯಾಹ್ನ ಅಮ್ಮ, ಅಕ್ಕ, ಬನ್ನು ಮೂವರನ್ನೂ ಅಂಗಡಿಗೆ ಬರಹೇಳಿದೆ. ಅಮ್ಮನಿಗೆ ಎಂಬತ್ತು, ಈಗಲೂ ಕಡ್ಡಿಯ ಹಾಗೆ ನೆಟ್ಟಗೆ ಕೂರುತ್ತಾಳೆ. ಅವಳಿಗೆ ಕುರ್ಚಿ ಹಾಕಿದೆ. ಅಕ್ಕ ಕೂರಲಿಲ್ಲ. ಗೌನನ್ನು ಒಳಮಗ್ಗುಲಾಗಿ ಮೇಜಿನ ಮೇಲೆ ಹರಡಿಟ್ಟಿದ್ದೆ. ಬಿಚ್ಚಿದ ಕಡೆ ಬಟ್ಟೆ ಹೊಸದರಂತೆ ಬೆಳ್ಳಗಿತ್ತು, ಉಳಿದದ್ದೆಲ್ಲ ವಯಸ್ಸಾಗಿ ಕೆನೆಬಣ್ಣಕ್ಕೆ ತಿರುಗಿತ್ತು. ಎರಡೂ ಪಕ್ಕದಲ್ಲಿ ಅಗಲವಾದ ಬಿಳಿ ಪಟ್ಟೆ ಎದ್ದು ಕಾಣುತ್ತಿತ್ತು.

"ಯಾರು ಬಿಚ್ಚಿದ್ದು ಇದನ್ನ?" ಅಕ್ಕ ಕೇಳಿದಳು.

"ನಾನು."

"ತಲೆ ಕೆಟ್ಟಿದೆಯಾ ನಿಂಗೆ?"

"ಬಿಚ್ಚಿದ್ದು ನಾನು. ಹೊಲಿದವರು ಯಾರು ಅಂತ ಅಮ್ಮನ್ನ ಕೇಳು."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ಅಮ್ಮ ಎತ್ತಿದ ಕೈ. "ಹಳೇ ಕಾಲದ್ದು, ಯಾರ ಕೈಗೆ ಏನೇನು ಸಿಕ್ಕಿತ್ತೋ, ನಂಗೇನು ಗೊತ್ತು" ಎಂದಳು.

"ಒಂಬತ್ತಕ್ಕೊಂದು ಹಾರಿದೆ ಅಮ್ಮ."

ಅಮ್ಮ ಸ್ವಲ್ಪ ಹೊತ್ತು ಕೈಚೀಲದ ಹಿಡಿ ತಿರುಚಿದಳು. ಆಮೇಲೆ ಹಾಲಿನ ಲೆಕ್ಕ ಹೇಳುವ ಹಾಗೆ ಹೇಳಿದಳು. "ನಂಗೆ ದೊಡ್ಡದಾಗಿತ್ತು. ಹತ್ತೊಂಬತ್ತು ವರ್ಷ, ಸಣಕಲು ಮೈ. ಗೋಣಿಚೀಲದಲ್ಲಿ ಕೋಲು ನಿಲ್ಲಿಸಿದ ಹಾಗೆ ಕಾಣ್ತಿದ್ದೆ. ಅತ್ತೆಯಾಗೋಳು ನೋಡಿ ನಕ್ಕಳು. ಒಂದು ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಕೂತು ಹಿಡಿದೆ. ನಮ್ಮಮ್ಮನಿಗೆ ಗೊತ್ತಾಗಬಾರದು ಅಂತ ಪಟ್ಟಿ ಹಾಕಿದೆ."

"ಅಕ್ಕನ ಮದುವೇಲಿ ಯಾಕೆ ಹೇಳ್ಲಿಲ್ಲ?"

"ಅವಳು ಹೇಗೋ ಇಳಿಸಿಕೊಂಡಳಲ್ಲ. ಬಂದೋರೆಲ್ಲ ಥೇಟ್ ತಾಯಿ ಮೈಕಟ್ಟು ಅಂದ್ರು. ಕೇಳೋಕೆ ಚೆನ್ನಾಗಿತ್ತು."

"ನನ್ನ ಮದುವೇಲಿ?"

"ನಿಂಗೆ ಹೇಳಿದ್ರೆ ಅವಳಿಗೂ ಹೇಳಬೇಕಾಗ್ತಿತ್ತು." ಅಮ್ಮ ಇದನ್ನು ನ್ಯಾಯದ ಮಾತೆಂಬಂತೆ ಹೇಳಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಹಾವೂ ಅಲ್ಲ, ಕೋಲೂ ಅಲ್ಲ, ಅವಳ ಮಗಳು ಎಂಬುದು ಆಗಲೂ ಅವಳಿಗೆ ಹೊಳೆದಿರಲಿಲ್ಲ, ಈಗಲೂ ಹೊಳೆಯಲಿಲ್ಲ. ಎಂಬತ್ತು ವರ್ಷದವಳ ಮುಂದೆ ಕೂಗಾಡಬಾರದೆಂದು ನಾನು ಮೇಜಿನ ಅಂಚು ಹಿಡಿದುಕೊಂಡೆ.

ಅಕ್ಕ ಅಮ್ಮನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ತಿರುಗಿದಳು.

"ಮತ್ತೆ ಹೊಲಿ."

"ಏನು?"

"ಮೊದಲು ಹೇಗಿತ್ತೋ ಹಾಗೆ ಹೊಲಿ. ಪಟ್ಟಿ ಹಾಕು. ಯಾರಿಗೂ ಗೊತ್ತಾಗೋದು ಬೇಡ."

"ಅವಳ ಕೈ ನೋಡಿದೀಯಾ ನೀನು?"

"ನನ್ನ ಕೂದಲು ಉದುರಿದ್ದು ನೀನು ನೋಡಿದ್ಯಾ? ಮದುವೆ ದಿನ ಎಡಗಡೆಗೆ ಬಾಚಿ ಪಿನ್ ಹಾಕಿದ್ರು, ಗೊತ್ತಾ? ಮೂರು ತಿಂಗಳು ನಾನು ಸುಮ್ಸುಮ್ನೆ ಹಸ್ಕೊಂಡಿದ್ನಾ ಹಾಗಾದ್ರೆ? ಸುಮ್ಸುಮ್ನೆ? ನಾನು ಮಾಡಿದೀನಿ. ಇವಳೂ ಮಾಡ್ತಾಳೆ. ಇನ್ನು ಒಂದೂವರೆ ಇಂಚು."

ಅವಳ ಮೇಲೆ ಕೈಯೆತ್ತುವಷ್ಟು ಸಿಟ್ಟು ಬಂತು, ಅದರ ಜೊತೆಗೇ ಅವಳ ಮಾತು ಅರ್ಥವೂ ಆಯಿತು, ಅರ್ಥವಾದದ್ದಕ್ಕೆ ಇನ್ನೂ ಸಿಟ್ಟು ಬಂತು. ನಾನು ಸೋತೆನೆಂದು ಇಪ್ಪತ್ತೇಳು ವರ್ಷ ತಲೆ ತಗ್ಗಿಸಿದ್ದೆ. ಅವಳು ಗೆದ್ದೆನೆಂದು ತಲೆ ಎತ್ತಿಕೊಂಡಿದ್ದಳು. ಈಗ ಅವಳ ಕೈಯಿಂದ ಅದೂ ಹೋಗಿತ್ತು.

ಇಷ್ಟರಲ್ಲಿ ಬನ್ನು ಗೌನನ್ನು ಮೇಜಿನಿಂದ ಎತ್ತಿಕೊಂಡು ಪರದೆಯ ಹಿಂದೆ ಹೋಗಿದ್ದಳು. ನಾವು ಮೂವರೂ ಗಮನಿಸಿರಲಿಲ್ಲ. ಗುಂಡಿ ಹಾಕಲು ನನ್ನನ್ನು ಕರೆದಳು. ಇಪ್ಪತ್ತೆರಡೂ ಹಾಕಿದೆ, ಒಂದಕ್ಕೂ ಎಳೆಯಬೇಕಾಗಲಿಲ್ಲ. ಹೊರಗೆ ಬಂದು ಕನ್ನಡಿಯ ಮುಂದೆ ನಿಂತಳು.

"ದೊಡ್ಡದಾಯ್ತು ಚಿಕ್ಕಮ್ಮ" ಎಂದಳು.

ಆಗಿತ್ತು. ಇಪ್ಪತ್ತೆಂಟು ಇಂಚಿನ ಗೌನು ಇಪ್ಪತ್ತೈದೂವರೆ ಇಂಚಿನ ಹುಡುಗಿಯ ಮೇಲೆ ಜೋತುಬಿದ್ದಿತ್ತು. ಒಂಬತ್ತು ವಾರದ ಹಿಂದೆ ಇದೇ ಗೌನು ಇದೇ ಹುಡುಗಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು.

"ನೋಡಿದ್ಯಾ?" ಅಕ್ಕನ ಮುಖ ಅರಳಿತು. "ಹಿಡೀಲೇಬೇಕು ಈಗ. ಹೇಗೂ ಹಿಡೀಬೇಕಲ್ಲ, ಹಳೇ ಗೆರೆಗೇ ಹಿಡಿದುಬಿಡು."

"ನಾನು ಹಿಡಿಯಲ್ಲ."

"ನಿನ್ನ ಕೆಲಸಾನೇ ಅದು."

"ಹೌದು. ಮದುವೆಗೆ ಇನ್ನೂ ಐದು ವಾರ ಇದೆ. ಗೌನಿಗೆ ಹುಡುಗಿ ಹೊಂದ್ಕೋಬೇಕು ಅಂತ ತಾನೆ ಕಟ್ಟಳೆ? ಹೊಂದ್ಕೊಳ್ಳಲಿ. ಮೂರು ಹೊತ್ತು ತಿಂದು ಹೊಂದ್ಕೊಳ್ಳಲಿ."

"ಬೇರೆ ಟೈಲರ್ ಇಲ್ವಾ ಊರಲ್ಲಿ?"

"ಬೇರೆಯವರ ಹತ್ರ ಯಾಕೆ ಹೋಗ್ತೀಯ, ನೀನೇ ಹಿಡಿ." ನಾನು ಸೂಜಿಗೆ ದಾರ ಪೋಣಿಸಿ ಅಕ್ಕನ ಕೈಗೆ ಕೊಟ್ಟೆ. "ನಿಂಗೂ ಹೊಲಿಗೆ ಬರುತ್ತಲ್ಲ. ಅಮ್ಮನೇ ಕಲಿಸಿದಾಳೆ. ಮೈಮೇಲೇ ಹಿಡಿದು ಕಚ್ಚಾ ಹೊಲಿಗೆ ಹಾಕು. ನಿನ್ನ ಮಗಳನ್ನ ನೀನೇ ಹೊಲಿ."

ಅಕ್ಕ ಹಿಂಜರಿಯುತ್ತಾಳೆ ಅಂದುಕೊಂಡಿದ್ದರೆ ಅದು ನನ್ನ ತಪ್ಪು. ಸೂಜಿ ಹಿಡಿದು ಸೀದಾ ಮಗಳ ಪಕ್ಕಕ್ಕೆ ಹೋದಳು. ಕಂಕುಳಿನ ಕೆಳಗೆ ಬಟ್ಟೆಯನ್ನು ಎರಡು ಬೆರಳಿನಲ್ಲಿ ಚಿವುಟಿ ಹಿಡಿದಳು, ಇನ್ನೊಂದು ಕೈಯನ್ನು ಅಳತೆಗೆಂದು ಮಗಳ ಪಕ್ಕೆಗೆ ಒತ್ತಿದಳು. ಒತ್ತಿದ ಕೈ ಅಲ್ಲೇ ನಿಂತಿತು. ಸ್ವಲ್ಪ ಕೆಳಗೆ ಸರಿಯಿತು, ಮತ್ತೆ ನಿಂತಿತು. ಮಸ್ಲಿನ್ನು ಏನನ್ನೂ ಮುಚ್ಚುವುದಿಲ್ಲ. ಒಂಬತ್ತು ವಾರ ಅವಳು ಫೋನಿನಲ್ಲಿ ನನ್ನಿಂದ ಅಂಕಿ ಕೇಳಿದ್ದಳೇ ಹೊರತು ಮಗಳನ್ನು ಮುಟ್ಟಿರಲಿಲ್ಲ.

ಬನ್ನು ಕನ್ನಡಿಯಲ್ಲಿ ತಾಯಿಯನ್ನು ನೋಡುತ್ತ ಅಲುಗಾಡದೆ ನಿಂತಿದ್ದಳು, ಸೂಜಿ ಚುಚ್ಚೀತೆಂದು ಉಸಿರನ್ನೂ ಹಿಡಿದಿದ್ದಳು.

"ನಾನೂ ಹೀಗೇ ಇದ್ನಾ?" ಅಕ್ಕ ಕೇಳಿದಳು.

"ಇದ್ದೆ" ಎಂದೆ. "ನಿನ್ನನ್ನೂ ಯಾರೂ ಮುಟ್ಟಿ ನೋಡ್ಲಿಲ್ಲ."

ಅಕ್ಕ ಸೂಜಿಯನ್ನು ತನ್ನ ಸೆರಗಿಗೆ ಚುಚ್ಚಿಕೊಂಡಳು. ಮಗಳ ತೋಳು ಹಿಡಿದು ಅಮ್ಮನ ಕುರ್ಚಿಯ ಹತ್ತಿರ ಕರೆತಂದಳು. ಅಮ್ಮನ ಕೈಯನ್ನು ಕೈಚೀಲದಿಂದ ಬಿಡಿಸಿ ಮೊಮ್ಮಗಳ ಪಕ್ಕೆಗೆ ಹಚ್ಚಿದಳು. ಅಮ್ಮ ಎಳೆದುಕೊಳ್ಳಲು ನೋಡಿದಳು, ಅಕ್ಕ ಬಿಡಲಿಲ್ಲ.

"ಮುಟ್ಟಿ ನೋಡಮ್ಮ. ನೀನೂ ಹೀಗೇ ಇದ್ಯಾ?"

ಅಮ್ಮ ಈ ಸಲ ಇರುವುದನ್ನೇ ಹೇಳಿದಳು. "ನಾನೇನು ಹಸ್ಕೊಂಡಿರ್ಲಿಲ್ವಲ್ಲ. ನಂದು ಮೈಯೇ ಹಾಗೆ. ಎಷ್ಟು ತಿಂದ್ರೂ ಹತ್ತುತ್ತಿರ್ಲಿಲ್ಲ. ಒಂದು ಹೊತ್ತೂ ಬಿಟ್ಟವಳಲ್ಲ ನಾನು."

ಅಕ್ಕ ಅಮ್ಮನ ಕೈ ಬಿಟ್ಟಳು. ಮಗಳನ್ನು ತಿರುಗಿಸಿ ನಿಲ್ಲಿಸಿ ಇಪ್ಪತ್ತೆರಡು ಗುಂಡಿಯನ್ನೂ ಮೇಲಿನಿಂದ ಕೆಳಗೆ ಬಿಚ್ಚಿದಳು. ಒಂದೊಂದು ಗುಂಡಿಗೂ ಎರಡೆರಡು ಸಲ ಹಿಡಿಯಬೇಕಾಯಿತು. ನಾನು ಸಹಾಯಕ್ಕೆ ಹೋಗಲಿಲ್ಲ. ಬನ್ನು ಬಟ್ಟೆ ಬದಲಾಯಿಸಿ ಬಂದಳು.

"ನಡಿ ಬನ್ನು" ಎಂದಳು ಅಕ್ಕ.

"ಎಲ್ಲಿಗೆ?"

"ಊಟಕ್ಕೆ. ನಾನೂ ತಿನ್ನಬೇಕು."

ಇಬ್ಬರೂ ಹಿಂತಿರುಗಿ ನೋಡದೆ ಹೋದರು. ನಾನು ಗೌನನ್ನು ಅಗಲವಾಗಿ ಮಡಿಸಿ, ಹಳೆಯ ಗೆರೆಯ ಮೇಲೆ ಮಡಿಕೆ ಬೀಳದ ಹಾಗೆ ಪೆಟ್ಟಿಗೆಯಲ್ಲಿಟ್ಟೆ. ಆ ಬಿಳಿ ಪಟ್ಟೆಗಳನ್ನು ಚಹಾದ ನೀರಿನಲ್ಲಿ ಅದ್ದಿ ಬಣ್ಣ ಸರಿಮಾಡುವುದು ನನಗೆ ಅರ್ಧ ಗಂಟೆಯ ಕೆಲಸ. ಮಾಡುವುದಿಲ್ಲ. ಮದುವೆಯಲ್ಲಿ ಎಲ್ಲರೂ ನೋಡಲಿ, ಕೇಳಲಿ, ಉತ್ತರ ಅಮ್ಮ ಹೇಳಲಿ. ಮೇಜಿನ ಮೇಲಿದ್ದ ದಾರದ ಚೂರುಗಳನ್ನು ಒರೆಸಿದೆ, ಮಿಷಿನ್ನಿಗೆ ಬಟ್ಟೆ ಮುಚ್ಚಿದೆ. ಕೋಪ ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ.

ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು ಗೋಡೆ ಗಡಿಯಾರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಎರಡು ಗಂಟೆ ಆಯ್ತಲ್ಲೇ. ನಂಗೆ ಹಸಿವಾಗ್ತಿದೆ."

"ಸ್ವಲ್ಪ ತಡ್ಕೋ ಅಮ್ಮ" ಎಂದೆ.